ಕೇಳುವ ಯಾತ್ರೆ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 10 ಕಿಲೋಮೀಟರು ಸಾಗಿದರೆ ತ್ಯಾವರೆಕೊಪ್ಪ ಸಿಗುತ್ತದೆ. 1988ರಲ್ಲಿ ಅಲ್ಲಿ ಹುಲಿ ಮತ್ತು ಸಿಂಹಗಳ ಧಾಮ ಆರಂಭವಾದ ಮೇಲೆ ಆ ಪುಟ್ಟ ಊರಿನ ಹೆಸರು ನಾಡಿನ ನಾನಾ ಮೂಲೆಗಳ ಜನರ ಬಾಯಲ್ಲಿ ಕೇಳಿಬರತೊಡಗಿತು. ರಜೆ ಬಂತೆಂದರೆ ಸಾಕು, ದೂರದ ಊರುಗಳಿಂದ ಬಸ್ಸುಗಳಲ್ಲಿ, ಕಾರುಗಳಲ್ಲಿ ಜನ ಬಂದಿಳಿಯುತ್ತಾರೆ. ಬುತ್ತಿ ಕಟ್ಟಿಕೊಂಡು ಬಂದವರುಂಟು. ಸಾಲ ಮಾಡಿ ವಾಹನ ಗೊತ್ತುಮಾಡಿಕೊಂಡು ಬಂದವರೂ ಇರಬಹುದು. ಬಲೆಕಟ್ಟಿದ ವಾಹನದೊಳಗೆ ಕುಳಿತು, ಮರದ ನೆರಳಲ್ಲಿ ಮಲಗಿದ ಸಿಂಹವೊಂದನ್ನು ಕಣ್ತುಂಬ ನೋಡಿ, ಸಂಜೆಗೆ ಹಿಂದಿರುಗುತ್ತಾರೆ. ಇಷ್ಟು ದೂರ ಇಷ್ಟು ಖರ್ಚು ಮಾಡಿಕೊಂಡು ಏಕೆ ಬಂದಿರಿ ಎಂದು ಅವರನ್ನು ಯಾರೂ ಕೇಳುವುದಿಲ್ಲ. ನೋಡುವುದಕ್ಕಾಗಿ ಪ್ರವಾಸ ಹೋಗುವುದು ಲೋಕಕ್ಕೆ ಒಪ್ಪಿತವಾದ ಸಂಗತಿ.

ಅದೇ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ಅಡಿಕೆ ತೋಟದಲ್ಲಿ ಕೂಲಿಗೆ ಹೋಗುತ್ತಾನೆ. ತಾಯಿ ರಸ್ತೆಯ ಬದಿಯಲ್ಲಿ ಒಂದು ಸಣ್ಣ ಚಹಾದ ಅಂಗಡಿಯನ್ನು ನಡೆಸುತ್ತಾಳೆ. ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಶಾಲೆಯ ಪ್ರಾರ್ಥನೆಯಲ್ಲಿ ಮುಂದೆ ನಿಂತು ಹಾಡುವವಳು ಅವಳೇ. ಒಂದು ದಿನ ಆಕೆ, “ಅಪ್ಪಾ, ಬೇಸಗೆ ರಜೆಯಲ್ಲಿ ಬೆಂಗಳೂರಿನ ರಾಮನವಮಿಯ ಸಂಗೀತೋತ್ಸವಕ್ಕೆ ಹೋಗಿ ಒಂದು ಕಚೇರಿ ಕೇಳಿಕೊಂಡು ಬರೋಣ” ಎನ್ನುತ್ತಾಳೆ. ಮನೆಯಲ್ಲಿ ಒಂದು ಕ್ಷಣ ಮೌನ ಕವಿಯುತ್ತದೆ. ಬಳಿಕ ತಂದೆ ಮೆಲ್ಲಗೆ ಹೇಳುತ್ತಾನೆ: “ಅದೆಲ್ಲ ನಮ್ಮಂಥವರಿಗಲ್ಲ, ಮಗಳೇ.”

ಈ ಮಾತಿನಲ್ಲಿ ಕೋಪವಿಲ್ಲ, ಜಿಪುಣತನವೂ ಇಲ್ಲ. ತಲೆತಲಾಂತರದಿಂದ ಬಂದ ಒಂದು ಹಿಂಜರಿಕೆ ಮಾತ್ರ ಇದೆ. ಆದರೆ ಬಡಮನೆಯ ಮಕ್ಕಳಿಂದ ಕಲೆಯನ್ನು ದೂರವಿಟ್ಟಿರುವುದರಲ್ಲಿ ಹಣದ ಕೊರತೆಗಿಂತ ಈ ಒಂದು ಮಾತಿನ ಪಾಲೇ ದೊಡ್ಡದು. ಹಣದ ಕೊರತೆಯನ್ನು ಲೆಕ್ಕ ಹಾಕಿ ತುಂಬಬಹುದು. “ನಮ್ಮಂಥವರಿಗಲ್ಲ” ಎಂಬ ನಂಬಿಕೆಯನ್ನು ತುಂಬಿಕೊಡುವ ಲೆಕ್ಕ ಯಾವ ಪುಸ್ತಕದಲ್ಲಿಯೂ ಇಲ್ಲ. ಆದುದರಿಂದ ಆ ಮಾತು ನಿಜವೇ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ; ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತಿದೆ. 1930ರ ದಶಕದ ಕೊನೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾವ್ ಅವರು, ಇನ್ನೂ ಎಳೆಯ ವಯಸ್ಸಿನಲ್ಲಿರುವಾಗಲೇ, ಅಲ್ಲಿ ಶ್ರೀ ರಾಮಸೇವಾ ಮಂಡಲಿಯ ಉತ್ಸವವನ್ನು ಆರಂಭಿಸಿದರು. ಪೇಟೆಯ ಜನರ ಸಣ್ಣ ಆಚರಣೆಯಾಗಿ ಮೊದಲಾದದ್ದು ಬರಬರುತ್ತ ಕೋಟೆ ಪ್ರೌಢಶಾಲೆಯ ಮೈದಾನದ ದೊಡ್ಡ ಚಪ್ಪರದಲ್ಲಿ ಸುಮಾರು ಒಂದು ತಿಂಗಳು ನಡೆಯುವ ಸಂಗೀತೋತ್ಸವವಾಗಿ ಬೆಳೆಯಿತು. ಎಂ. ಎಸ್. ಸುಬ್ಬುಲಕ್ಷ್ಮಿಯವರಂಥ ಮಹಾಗಾಯಕರು ಆ ಚಪ್ಪರದಡಿಯಲ್ಲಿ ಹಾಡಿದ್ದಾರೆ. ಅರಮನೆಯ ದರ್ಬಾರಿನಲ್ಲಿ ಆಹ್ವಾನಿತರು ಮಾತ್ರ ಕೇಳುತ್ತಿದ್ದ ಸಂಗೀತ ಶಾಲೆಯ ಆಟದ ಬಯಲಿಗೆ ಇಳಿದು ಬಂದದ್ದು ಸಣ್ಣ ಸಂಗತಿಯಲ್ಲ. ಚೈತ್ರಮಾಸದ ಬಿಸಿಲು, ಬೆಲ್ಲದ ಪಾನಕ, ನೀರುಮಜ್ಜಿಗೆ, ಕೋಸಂಬರಿ, ಅವುಗಳೊಂದಿಗೆ ರಾಗ ತಾಳಗಳು: ಕನ್ನಡನಾಡಿನ ಬೇಸಗೆಗೆ ಇದೊಂದು ವಿಶಿಷ್ಟವಾದ ಸೊಗಸು. ನಗರದ ಇತರ ಬಡಾವಣೆಗಳಲ್ಲಿ, ಮೈಸೂರಿನಲ್ಲಿ, ಬೇರೆ ಊರುಗಳಲ್ಲಿಯೂ ಈ ದಿನಗಳಲ್ಲಿ ಕಚೇರಿಗಳು ನಡೆಯುತ್ತವೆ. ಎಷ್ಟೋ ಕಡೆ ಪ್ರವೇಶಕ್ಕೆ ಶುಲ್ಕವೇ ಇರುವುದಿಲ್ಲ.

ಬೇಸಗೆಯಲ್ಲಿ ಸಂಗೀತ ಕೇಳಲು ಊರು ಬಿಟ್ಟು ಹೊರಡುವ ವಾಡಿಕೆ ಈ ನಾಡಿಗೆ ಮಾತ್ರ ಸೇರಿದ್ದಲ್ಲ. ಯೂರೋಪಿನ ದೇಶಗಳಲ್ಲಿ ಜುಲೈ, ಆಗಸ್ಟ್ ತಿಂಗಳುಗಳು ಸಂಗೀತೋತ್ಸವಗಳ ಕಾಲ. ಜರ್ಮನಿಯ ಬೈರಾಯಿತ್ ಎಂಬ ಊರಿನಲ್ಲಿ ರಿಚರ್ಡ್ ವಾಗ್ನರ್ 1876ರಲ್ಲಿ ಆರಂಭಿಸಿದ ಉತ್ಸವಕ್ಕೆ ಇಂದಿಗೂ ಲೋಕದ ಎಲ್ಲೆಡೆಗಳಿಂದ ರಸಿಕರು ಬರುತ್ತಾರೆ. ಮೊಜಾರ್ಟನ ಜನ್ಮಸ್ಥಳವಾದ ಆಸ್ಟ್ರಿಯದ ಸಾಲ್ಜ್‌ಬರ್ಗ್ ನಗರದ ಉತ್ಸವ 1920ರಲ್ಲಿ, ಮೊದಲನೆಯ ಮಹಾಯುದ್ಧದ ಗಾಯಗಳು ಇನ್ನೂ ಮಾಯದಿದ್ದ ಕಾಲದಲ್ಲಿ, ಚರ್ಚಿನ ಮುಂದಿನ ಬಯಲಿನಲ್ಲಿ ಒಂದು ನಾಟಕದೊಂದಿಗೆ ಮೊದಲಾಯಿತು. ಇಂಥ ಉತ್ಸವಗಳ ಹೆಸರು ಕೇಳಿದೊಡನೆ ಸಿರಿವಂತರ ಉಡುಗೆ ತೊಡುಗೆಗಳು ಕಣ್ಣ ಮುಂದೆ ಬರುತ್ತವೆ. ಅಲ್ಲಿ ಸಿರಿವಂತರೂ ಇದ್ದಾರೆ. ಆದರೆ ಅವರಷ್ಟೇ ಇಲ್ಲ.

ಲಂಡನ್ನಿನ ‘ಪ್ರಾಮ್ಸ್’ ಎಂಬ ಉತ್ಸವದ ಕತೆ ಈ ದೃಷ್ಟಿಯಿಂದ ತಿಳಿಯತಕ್ಕದ್ದು. 1895ರ ಆಗಸ್ಟ್ ತಿಂಗಳಲ್ಲಿ ಕ್ವೀನ್ಸ್ ಹಾಲ್ ಎಂಬ ಸಭಾಮಂದಿರದಲ್ಲಿ ಅದು ಆರಂಭವಾಯಿತು. ಮಂದಿರದ ವ್ಯವಸ್ಥಾಪಕನಾಗಿದ್ದ ರಾಬರ್ಟ್ ನ್ಯೂಮನ್ನನಿಗೆ ಸಾಮಾನ್ಯ ಜನರಲ್ಲಿ ಉತ್ತಮ ಸಂಗೀತದ ಅಭಿರುಚಿಯನ್ನು ಬೆಳೆಸಬೇಕೆಂಬ ಆಸೆಯಿತ್ತು. ವಾದ್ಯವೃಂದವನ್ನು ನಡೆಸಲು ಹೆನ್ರಿ ವುಡ್ ಎಂಬ ತರುಣ ದೊರೆತನು. ಹಣ ಕೊಟ್ಟವನು ಜಾರ್ಜ್ ಕ್ಯಾತ್‌ಕಾರ್ಟ್ ಎಂಬ ಗಂಟಲಿನ ವೈದ್ಯ. ವಾದ್ಯಗಳ ಶ್ರುತಿಯನ್ನು ಸ್ವಲ್ಪ ತಗ್ಗಿಸಬೇಕೆಂದು ಅವನು ಷರತ್ತು ಹಾಕಿದನು. ಆಗಿನ ಎತ್ತರದ ಶ್ರುತಿಗೆ ಹಾಡಿ ಹಾಡಿ ಗಾಯಕರ ಗಂಟಲು ಕೆಡುತ್ತಿದೆಯೆಂಬುದು ಅವನ ಚಿಂತೆಯಾಗಿತ್ತು. ಕುರ್ಚಿಯಿಲ್ಲದೆ ನಿಂತುಕೊಂಡು ಕೇಳುವವರಿಗೆ ಟಿಕೆಟಿನ ಬೆಲೆ ಒಂದೇ ಷಿಲಿಂಗ್. ಗುಮಾಸ್ತರು, ಅಂಗಡಿಯ ನೌಕರರು, ವಿದ್ಯಾರ್ಥಿಗಳು ಅಲ್ಲಿ ನಿಂತು ದೊಡ್ಡ ದೊಡ್ಡ ಕೃತಿಗಳನ್ನು ಕೇಳಿದರು. 1941ರಲ್ಲಿ ಯುದ್ಧದ ಬಾಂಬಿಗೆ ಸಿಕ್ಕಿ ಕ್ವೀನ್ಸ್ ಹಾಲ್ ನಾಶವಾಯಿತು. ಉತ್ಸವ ನಿಲ್ಲಲಿಲ್ಲ, ರಾಯಲ್ ಆಲ್ಬರ್ಟ್ ಹಾಲ್ ಎಂಬ ಇನ್ನೂ ದೊಡ್ಡ ಮಂದಿರಕ್ಕೆ ಹೋಯಿತು. ನಿಂತು ಕೇಳುವವರಿಗೆ ಅಗ್ಗದ ಟಿಕೆಟು ಕೊಡುವ ಪದ್ಧತಿ ಇಂದಿಗೂ ಉಳಿದಿದೆ. ಅಲ್ಲಿ ನಿಲ್ಲುವ ಜಾಗ ಎಲ್ಲೋ ಹಿಂದಿನ ಮೂಲೆಯಲ್ಲಿಲ್ಲ, ವೇದಿಕೆಯ ಎದುರಿಗೇ ಇದೆ ಎಂಬುದನ್ನು ಗಮನಿಸಬೇಕು.

ವಾಗ್ನರನಿಗೂ ತನ್ನ ಉತ್ಸವಕ್ಕೆ ಉಚಿತ ಪ್ರವೇಶವಿರಬೇಕೆಂಬ ಕನಸಿತ್ತು. ಖರ್ಚಿನ ಹೊರೆ ಅದಕ್ಕೆ ಅವಕಾಶ ಕೊಡಲಿಲ್ಲ. ಆದರೂ ಕೈಯಲ್ಲಿ ಹಣವಿಲ್ಲದ ರಸಿಕರಿಗೆ ನೆರವಾಗಲೆಂದು 1882ರಲ್ಲಿ ಅವನ ಪ್ರೇರಣೆಯಿಂದ ಒಂದು ನಿಧಿ ಸ್ಥಾಪನೆಯಾಯಿತು. ಹೀಗೆ, ಉತ್ಸವಗಳನ್ನು ಕಟ್ಟಿದವರ ಮನಸ್ಸಿನಲ್ಲಿಯೇ ಬಡ ಶ್ರೋತೃವಿಗೆ ಒಂದು ಸ್ಥಾನವಿತ್ತು. ಆ ಸ್ಥಾನದಲ್ಲಿ ಬಂದು ಕೂರುವುದು ಮಾತ್ರ ಶ್ರೋತೃವಿನ ಪಾಲಿನ ಕೆಲಸ.

ಕಿಸೆ ಬರಿದಾಗಿದ್ದರೂ ಸಂಗೀತವನ್ನು ಹುಡುಕಿಕೊಂಡು ಹೊರಟವರ ಚರಿತ್ರೆ ಬಹಳ ಉದ್ದವಾಗಿದೆ. 1705ರಲ್ಲಿ, ಇಪ್ಪತ್ತು ವರ್ಷದ ತರುಣನಾಗಿದ್ದ ಯೊಹಾನ್ ಸೆಬಾಸ್ಟಿಯನ್ ಬಾಖ್ ಜರ್ಮನಿಯ ಆರ್ನ್‌ಸ್ಟಾಟ್ ಎಂಬ ಊರಿನ ಚರ್ಚಿನಲ್ಲಿ ಆರ್ಗನ್ ವಾದಕನಾಗಿದ್ದನು. ಉತ್ತರದ ಲ್ಯೂಬೆಕ್ ನಗರದಲ್ಲಿ ಬುಕ್ಸ್‌ಟೆಹೂಡೆ ಎಂಬ ಹಿರಿಯ ವಾದಕನಿದ್ದನು. ಅಲ್ಲಿನ ಚರ್ಚಿನಲ್ಲಿ ಅವನು ಏರ್ಪಡಿಸುತ್ತಿದ್ದ ಸಂಜೆಯ ಸಂಗೀತಕ್ಕೆ ವರ್ತಕರು ಹಣ ಒದಗಿಸುತ್ತಿದ್ದರು; ಕೇಳುವವರಿಗೆ ಪ್ರವೇಶ ಉಚಿತ. ಅದನ್ನು ಕೇಳಲೆಂದು ಬಾಖ್ ನಾಲ್ಕು ವಾರಗಳ ರಜೆ ಪಡೆದು 400 ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ನಡೆದೇ ಸಾಗಿದನು. ಹೋದವನು ನಾಲ್ಕು ವಾರಗಳ ಬದಲು ಸುಮಾರು ನಾಲ್ಕು ತಿಂಗಳ ಮೇಲೆ ಹಿಂದಿರುಗಿದನು. ಮೇಲಧಿಕಾರಿಗಳಿಂದ ಬೈಗುಳನ್ನೂ ತಿಂದನು. ಆದರೆ ಆ ನಡಿಗೆಯಿಂದ ಅವನ ಕಿವಿಗೆ ದೊರೆತ ಸಂಪತ್ತು ಅವನ ಮುಂದಿನ ಕೃತಿಗಳಲ್ಲಿ ಲೋಕಕ್ಕೆ ಹಂಚಿಹೋಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಹಾಡಿನ ಗ್ರಾಮಫೋನ್ ತಟ್ಟೆಯನ್ನು ಕೇಳಿ ಮರುಳಾದರು. ಹನ್ನೊಂದನೆಯ ವಯಸ್ಸಿನಲ್ಲಿ, 1933ರಲ್ಲಿ, ಗುರುವನ್ನರಸಿ ಮನೆ ಬಿಟ್ಟು ಹೊರಟರು. ರೈಲಿನಲ್ಲಿ ಸಹಪ್ರಯಾಣಿಕರಿಗೆ ಹಾಡಿ ತೋರಿಸುತ್ತ, ಅವರು ಕೊಟ್ಟದ್ದನ್ನು ತಿನ್ನುತ್ತ ಗ್ವಾಲಿಯರನ್ನು ಸೇರಿದರು. ಅಲ್ಲಿಂದ ಊರೂರು ಅಲೆದು ಜಲಂಧರದವರೆಗೂ ಹೋದರು. ಕೊನೆಗೆ ತಂದೆ ಹುಡುಕಿ ಕರೆತಂದ ಮೇಲೆ, ಅವರು ಹಂಬಲಿಸಿದ ಗುರು ಸವಾಯಿ ಗಂಧರ್ವರು ಗದಗಿಗೆ ಅನತಿದೂರದ ಕುಂದಗೋಳದಲ್ಲಿಯೇ ದೊರೆತರು. ಗುರುವಿನ ನೆನಪಿಗಾಗಿ 1953ರಲ್ಲಿ ಅವರು ಪುಣೆಯಲ್ಲಿ ಆರಂಭಿಸಿದ ಸಂಗೀತೋತ್ಸವ ಮುಂದೆ ದೇಶದ ದೊಡ್ಡ ಉತ್ಸವಗಳಲ್ಲಿ ಒಂದಾಯಿತು. 2008ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಘೋಷಣೆಯಾಯಿತು. ಕೈಯಲ್ಲಿ ಕಾಸಿಲ್ಲದೆ ಸಂಗೀತವನ್ನು ಅರಸಿ ಹೋದ ಬಾಲಕನೇ ಮುಂದೆ ಸಾವಿರಾರು ಜನ ಪ್ರಯಾಣ ಮಾಡಿ ಬರುವಂಥ ಉತ್ಸವವೊಂದನ್ನು ಕಟ್ಟಿಕೊಟ್ಟನು.

ಅದೇ ಗುರುವಿನ ಶಿಷ್ಯೆ ಗಂಗೂಬಾಯಿ ಹಾನಗಲ್ಲರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರಿಗೆ ಶಾಲೆಯ ವಿದ್ಯೆ ಹೆಚ್ಚು ದೊರೆಯಲಿಲ್ಲ. ಹಾಡುವ ಹೆಣ್ಣುಮಕ್ಕಳನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲ ಅದು. ಬೀದಿಯ ಜನರ ಹೀಯಾಳಿಕೆಯನ್ನು ಅವರೂ ಸಹಿಸಬೇಕಾಯಿತು. ಮನೆಯ ಭಾರವನ್ನು ಹೊತ್ತುಕೊಂಡೇ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಸಂಜೆಯ ರೈಲಿನಲ್ಲಿ ಹೋಗಿ ಪಾಠ ಕೇಳಿ ಬರುತ್ತಿದ್ದರು. “ನಮ್ಮಂಥವರಿಗಲ್ಲ” ಎಂಬ ಮಾತನ್ನು ಅವರು ಒಪ್ಪಿಕೊಂಡಿದ್ದರೆ ಆ ಧೀರವಾದ ದನಿ ಹುಬ್ಬಳ್ಳಿಯ ಒಂದು ಓಣಿಯಲ್ಲಿಯೇ ಅಡಗಿಹೋಗುತ್ತಿತ್ತು. 2002ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಬಂದಾಗ ಗೌರವ ಸಂದದ್ದು ಆ ಸಂಜೆಯ ರೈಲಿನ ಪ್ರಯಾಣಗಳಿಗೂ ಹೌದು.

ಈ ಹಿರಿಯರ ಕತೆಗಳನ್ನು ಓದಿ ಮಕ್ಕಳು ಹೇಳದೆ ಕೇಳದೆ ಮನೆ ಬಿಟ್ಟು ಹೊರಡಬೇಕೆಂದು ಯಾರೂ ಹೇಳಲಾರರು. ಟಿಕೆಟಿಲ್ಲದ ಪ್ರಯಾಣವೂ ಅನುಕರಣೆಗೆ ಯೋಗ್ಯವಲ್ಲ. ಅವರಿಂದ ಕಲಿಯಬೇಕಾದದ್ದು ಹಂಬಲವನ್ನು, ದಾರಿಯನ್ನಲ್ಲ. ದಾರಿಯನ್ನು ಇಂದು ಯೋಜನೆಯಿಂದ ಕಂಡುಕೊಳ್ಳಬಹುದು. ಮಿತವ್ಯಯದ ಪ್ರವಾಸಕ್ಕೆ ಹಣಕ್ಕಿಂತ ಮೊದಲು ಬೇಕಾದದ್ದು ಕಾಲ. ಆತುರದಲ್ಲಿ ಹೊರಟವನು ಪ್ರತಿ ಹೆಜ್ಜೆಗೂ ಹೆಚ್ಚು ಬೆಲೆ ತೆರುತ್ತಾನೆ. ಎಂಟು ತಿಂಗಳು ಮೊದಲೇ ಮನಸ್ಸು ಮಾಡಿದವನಿಗೆ ಅರ್ಧ ದಾರಿ ಕಳೆದಂತೆಯೇ ಸರಿ.

ಆ ತ್ಯಾವರೆಕೊಪ್ಪದ ಮನೆಗೇ ಮತ್ತೆ ಬರಬಹುದು. ಹುಡುಗಿ ಒಂದು ಹಳೆಯ ನೋಟು ಪುಸ್ತಕದಲ್ಲಿ ನಾಲ್ಕು ಕಲಮುಗಳನ್ನು ಎಳೆಯಲಿ: ಪ್ರಯಾಣ, ವಸತಿ, ಊಟ, ಪ್ರವೇಶ. ಐದನೆಯದಾಗಿ ಅನಿರೀಕ್ಷಿತ ಖರ್ಚಿಗೆಂದು ಸ್ವಲ್ಪ ಜಾಗ ಬಿಡಲಿ. ಪ್ರತಿಯೊಂದು ಕಲಮಿನ ಮುಂದೆಯೂ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಲಿ: ಸಂಗೀತ ಕೇಳುವುದಕ್ಕೆ ಇದು ಅಗತ್ಯವೇ?

ಮೊದಲನೆಯದು ಪ್ರಯಾಣ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರಿನ ದಾರಿ. ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು, ತುಮಕೂರುಗಳ ಮೂಲಕ ರೈಲು ಹೋಗುತ್ತದೆ. ಕಾಯ್ದಿರಿಸದ ಎರಡನೆಯ ದರ್ಜೆಯ ಪ್ರಯಾಣವೇ ಎಲ್ಲಕ್ಕಿಂತ ಅಗ್ಗ. ಇನ್ನು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದೆ ಪ್ರಯಾಣಿಸುವ ಅವಕಾಶ ದೊರೆಯಿತು. ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯಿಸದು. ತಾಯಿ ಮಗಳು ಇಬ್ಬರೇ ಹೊರಟರೆ, ಹೊರಡುವ ಮುನ್ನ ಗುರುತಿನ ಚೀಟಿಯನ್ನು ಚೀಲದಲ್ಲಿ ಇಟ್ಟುಕೊಂಡರೆ, ದೊಡ್ಡ ಖರ್ಚೆಂದು ಭಾವಿಸಿದ್ದ ಮೊದಲನೆಯ ಕಲಮು ಬಹುಮಟ್ಟಿಗೆ ಸೊನ್ನೆಯಾಗುತ್ತದೆ. ಚಹಾದ ಅಂಗಡಿಯ ಆಚೆಗೆ ಎಂದೂ ಹೋಗದ ತಾಯಿಗೂ ಅದೊಂದು ಯಾತ್ರೆಯಾಗುತ್ತದೆ.

ಎರಡನೆಯದು ವಸತಿ. ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ತಲುಪಿ, ಸಂಜೆಯ ಕಚೇರಿಯನ್ನು ಕೇಳಿ, ರಾತ್ರಿಯ ಬಸ್ಸಿಗೆ ಹಿಂದಿರುಗಿದರೆ ವಸತಿಯ ಖರ್ಚೇ ಇರುವುದಿಲ್ಲ. ಒಂದು ರಾತ್ರಿಯ ನಿದ್ದೆ ಅರ್ಧವಾಗುತ್ತದೆ, ಅಷ್ಟೆ. ನಂಟರ ಮನೆಯಿದ್ದರೆ ಎರಡು ದಿನ ನಿಂತು ಎರಡು ಕಚೇರಿಗಳನ್ನು ಕೇಳಬಹುದು; ಆದರೆ ಮೊದಲೇ ಪತ್ರ ಬರೆದೋ ಫೋನು ಮಾಡಿಯೋ ತಿಳಿಸಬೇಕು. ಬಡ ಪ್ರಯಾಣಿಕನ ಚಿಂತೆಯನ್ನು ತಮ್ಮ ಚಿಂತೆಯಾಗಿ ಮಾಡಿಕೊಂಡ ಪುಣ್ಯಾತ್ಮರೂ ಈ ನಾಡಿನಲ್ಲಿ ಆಗಿಹೋಗಿದ್ದಾರೆ. ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲುನಿಲ್ದಾಣದ ಎದುರಿಗೆ ಛತ್ರವನ್ನು ಕಟ್ಟಿಸಿದ್ದು ಊರಿಗೆ ಹೊಸಬರಾಗಿ ಬಂದಿಳಿಯುವವರಿಗೆ ತಲೆಯ ಮೇಲೊಂದು ಸೂರು ಇರಲೆಂದು.

ಊಟದ ಲೆಕ್ಕ ಸುಲಭ. ಹೋಗುವ ದಾರಿಗೆ ರೊಟ್ಟಿ, ಚಟ್ನಿಪುಡಿ, ಒಂದು ಬಾಟಲಿ ನೀರು ಮನೆಯಿಂದಲೇ ಬಂದರೆ ಹೋಟೆಲಿನ ಹಂಗಿಲ್ಲ. ಪ್ರವೇಶದ ಲೆಕ್ಕದಲ್ಲಿ ಮಾತ್ರ ವಿವೇಕ ಬೇಕು. ದೊಡ್ಡ ಹೆಸರಿನ ಗಾಯಕರ ದಿನ ನೂಕುನುಗ್ಗಲು, ಟಿಕೆಟು ದುಬಾರಿ. ಒಂದು ತಿಂಗಳ ಉತ್ಸವದಲ್ಲಿ ಹೆಸರು ಇನ್ನೂ ಹಬ್ಬದ ಯುವ ಕಲಾವಿದರು ಹಾಡುವ ದಿನಗಳೂ ಇರುತ್ತವೆ. ಹಿಂದಿನ ಸಾಲಿನ ಅಗ್ಗದ ಕುರ್ಚಿಯಲ್ಲಿ, ಅಥವಾ ಪ್ರವೇಶ ಉಚಿತವಾಗಿರುವ ಬೇರೊಂದು ಬಡಾವಣೆಯ ಚಪ್ಪರದಲ್ಲಿ ಕುಳಿತು ಕೇಳಿದರೂ ರಾಗ ಅದೇ ರಾಗ. ಉತ್ಸವ ಹಲವು ವಾರಗಳವರೆಗೆ ನಡೆಯುವುದರಿಂದ ಶಾಲೆಯ ಪರೀಕ್ಷೆಗಳು ಮುಗಿದ ಮೇಲಿನ ದಿನವನ್ನೇ ಆರಿಸಿಕೊಳ್ಳಬಹುದು. ಕಾರ್ಯಕ್ರಮದ ಪಟ್ಟಿ ಪ್ರಕಟವಾದೊಡನೆ ಅದನ್ನು ತರಿಸಿಕೊಂಡು ಓದಬೇಕು.

ಬೇಕಾಗುವ ಹಣವೆಷ್ಟು ಎಂದು ತಿಳಿದ ಮೇಲೆ ಕೂಡಿಡುವುದು ಉಳಿಯುತ್ತದೆ. ವಾರಕ್ಕೆ 20 ರೂಪಾಯಿಯಂತೆ 30 ವಾರ ಕೂಡಿಟ್ಟರೆ 600 ರೂಪಾಯಿ. ಇದು ಕೂಲಿಯ ಮನೆಗೆ ಸಣ್ಣ ಮೊತ್ತವಲ್ಲ. ಆದರೆ ಒಮ್ಮೆಲೇ ತೆಗೆದುಕೊಡಬೇಕಾದ 600 ರೂಪಾಯಿಗೂ ವಾರವಾರವೂ ಡಬ್ಬಿಗೆ ಬಿದ್ದ 600 ರೂಪಾಯಿಗೂ ಬಹಳ ಅಂತರವಿದೆ. ಮೊದಲನೆಯದು ಮನೆಯನ್ನು ಅಲುಗಿಸುತ್ತದೆ. ಎರಡನೆಯದು ಮನಸ್ಸನ್ನು ಗಟ್ಟಿಮಾಡುತ್ತದೆ. ಒಂದು ನಿಯಮವನ್ನು ಮಾತ್ರ ಮೀರಬಾರದು: ಸಾಲ ಮಾಡಿ ಸಂಗೀತ ಕೇಳಬಾರದು. ಬಡ್ಡಿಯ ಚಿಂತೆ ಹೊತ್ತ ಕಿವಿಗೆ ಯಾವ ರಾಗವೂ ಹಿಡಿಸದು. ಆ ವರ್ಷ ಮಳೆ ಕೈಕೊಟ್ಟಿತೇ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಯಿತೇ, ಡಬ್ಬಿಯ ಹಣ ಅದಕ್ಕೆ ಹೋಗಲಿ. ಯಾತ್ರೆ ಮುಂದಿನ ಚೈತ್ರಕ್ಕೆ ಕಾಯಬಲ್ಲುದು, ಔಷಧ ಕಾಯಲಾರದು.

ಹಣವನ್ನು ಕೂಡಿಡುವ ತಿಂಗಳುಗಳಲ್ಲಿಯೇ ಇನ್ನೊಂದು ಸಂಪತ್ತನ್ನೂ ಕೂಡಿಡಬೇಕು. ಅದು ಕೇಳುವ ಶಕ್ತಿ. ಸಿದ್ಧತೆಯಿಲ್ಲದ ಕಿವಿ ಮುಂದಿನ ಸಾಲಿನಲ್ಲಿ ಕುಳಿತರೂ ದೂರದಲ್ಲಿಯೇ ಇರುತ್ತದೆ. ಈ ಸಿದ್ಧತೆಗೆ ತ್ಯಾವರೆಕೊಪ್ಪದವರಿಗೆ ಖರ್ಚೇ ಇಲ್ಲ. 1965ರಲ್ಲಿ ಆರಂಭವಾದ ಭದ್ರಾವತಿಯ ಆಕಾಶವಾಣಿ ಕೇಂದ್ರ ಮಲೆನಾಡಿನ ಮನೆಮನೆಗೂ ಸಂಗೀತವನ್ನು ತಂದುಕೊಟ್ಟಿತು. ಗದ್ದೆಯ ಕೆಲಸ ಮುಗಿಸಿ ಬಂದವರು ಜಗಲಿಯಲ್ಲಿ ಕುಳಿತು ಅದನ್ನು ಕೇಳಿದರು. ತುಂಗಾನದಿಯ ದಡದ ಹೊಸಹಳ್ಳಿ ಗಮಕ ಕಲೆಗೆ ಹೆಸರಾದ ಊರು. ಅಲ್ಲಿಯ ಎಚ್. ಆರ್. ಕೇಶವಮೂರ್ತಿಯವರು ಕಾವ್ಯವನ್ನು ರಾಗಗಳಲ್ಲಿ ವಾಚಿಸುವ ಆ ಕಲೆಗೆ ಬಾಳನ್ನೇ ಮುಡಿಪಾಗಿಟ್ಟವರು. 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು ಅದೇ ವರ್ಷ ತೀರಿಕೊಂಡರು. ಗಮಕ ವಾಚನವನ್ನು ಕೇಳಿದ ಮಗುವಿಗೆ ಮಾತು ಹೇಗೆ ರಾಗವಾಗುತ್ತದೆ, ರಾಗ ಹೇಗೆ ಭಾವವಾಗುತ್ತದೆ ಎಂಬುದು ಪಾಠವಿಲ್ಲದೆಯೇ ತಿಳಿಯುತ್ತದೆ. ಕೈಯಲ್ಲಿ ಆದಿತಾಳವನ್ನು ಹಾಕಲು ಕಲಿತರೆ, ನಾಲ್ಕಾರು ರಾಗಗಳ ಮುಖಪರಿಚಯವಾದರೆ, ಮೊದಲ ಕಚೇರಿಗೆ ಅಷ್ಟು ಬಂಡವಾಳ ಸಾಕು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಇಂದು ಅಂಗೈಯಲ್ಲಿರುವ ಮೊಬೈಲು ಫೋನಿನಲ್ಲಿ ಬೇಕಾದ ಗಾಯಕನ ಬೇಕಾದ ಹಾಡು ಬೇಕಾದಾಗ ದೊರೆಯುವಾಗ, 300 ಕಿಲೋಮೀಟರು ಹೋಗುವುದೇಕೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಫೋನು ಬಡವನಿಗೆ ದೊರೆತ ದೊಡ್ಡ ವರ. ಭೀಮಸೇನರಿಗೆ ಬಾಲ್ಯದಲ್ಲಿ ಒಂದು ಗ್ರಾಮಫೋನ್ ತಟ್ಟೆ ಮಾಡಿದ ಉಪಕಾರವನ್ನು ಅದು ಲಕ್ಷಾಂತರ ಮಕ್ಕಳಿಗೆ ಮಾಡಬಲ್ಲುದು. ಆದರೆ ತಟ್ಟೆಯನ್ನು ಕೇಳಿದ ಬಾಲಕ ಅಷ್ಟಕ್ಕೇ ತೃಪ್ತನಾಗಿ ಮನೆಯಲ್ಲಿ ಕೂರಲಿಲ್ಲ ಎಂಬುದನ್ನೂ ನೆನೆಯಬೇಕು. ಫೋನಿನಲ್ಲಿ ಬರುವುದು ಎಂದೋ ಹಾಡಿ ಮುಗಿಸಿದ ಹಾಡು. ಕೇಳುವವನಿದ್ದರೂ ಇಲ್ಲದಿದ್ದರೂ ಅದು ಬದಲಾಗದು. ಚಪ್ಪರದಲ್ಲಿ ಹಾಗಲ್ಲ. ಗಾಯಕಿ ಆಲಾಪನೆಯನ್ನು ಆರಂಭಿಸಿದಾಗ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೂ ಪೂರ್ತಿ ತಿಳಿದಿರುವುದಿಲ್ಲ. ಎದುರಿಗೆ ಕುಳಿತವರ ಮುಖದಲ್ಲಿ ಅರಳಿದ ಸಂತೋಷವನ್ನು ಕಂಡು ಅವಳು ಇನ್ನೊಂದು ಸಂಚಾರವನ್ನು ಸೇರಿಸುತ್ತಾಳೆ. ಪಿಟೀಲು ಅದನ್ನು ಹಿಂಬಾಲಿಸುತ್ತದೆ. ಮೃದಂಗ ಹೊಸದೊಂದು ನಡೆಯನ್ನು ತೋರಿಸುತ್ತದೆ. ಆ ಸಂಜೆಯ ಸಂಗೀತದಲ್ಲಿ ಕೇಳುವವರ ಪಾಲೂ ಇದೆ. ಹಿಂದಿನ ಸಾಲಿನಲ್ಲಿ ಕುಳಿತ ತ್ಯಾವರೆಕೊಪ್ಪದ ಹುಡುಗಿಯ ಪಾಲೂ ಅದರಲ್ಲಿ ಒಂದು ಹನಿಯಷ್ಟಾದರೂ ಇರುತ್ತದೆ.

ಇನ್ನೊಂದು ಸಂಗತಿಯೂ ಉಂಟು. ಫೋನಿನಲ್ಲಿ ಹಿಡಿಸದ ಹಾಡನ್ನು ಬೆರಳಿನಿಂದ ಸರಿಸಿಬಿಡಬಹುದು. ಕಚೇರಿಯಲ್ಲಿ ಕಾಯಬೇಕು. ಮೊದಲ ಅರ್ಧ ಗಂಟೆ ಏನೂ ಅರ್ಥವಾಗದೆ ಹೋಗಬಹುದು. ಕುಳಿತ ಕಾಲು ಜೋಮು ಹಿಡಿಯಬಹುದು. ತಾಳ್ಮೆಯಿಂದ ಕುಳಿತವರಿಗೆ ಎಲ್ಲಿಯೋ ಒಂದು ಕಡೆ, ತಿಳಿಯದಂತೆಯೇ, ರಾಗದ ಬಾಗಿಲು ತೆರೆಯುತ್ತದೆ. ಕಚೇರಿಯ ಕೊನೆಯಲ್ಲಿ ಕನ್ನಡದ ದೇವರನಾಮವೊಂದು ಬಂದಾಗ, ಅಜ್ಜಿ ಮನೆಯಲ್ಲಿ ಹೇಳುತ್ತಿದ್ದ ಹಾಡೇ ಇದು ಎಂದು ಅವಳು ತಾಯಿಯ ಕೈಯನ್ನು ಹಿಡಿದುಕೊಂಡರೆ, “ನಮ್ಮಂಥವರಿಗಲ್ಲ” ಎಂಬ ಮಾತಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಾಗಿಲ್ಲ. ಆ ಸಂಗೀತ ಅವಳ ಮನೆಯಲ್ಲಿಯೇ ಇದ್ದದ್ದು. ಅದನ್ನು ಗುರುತಿಸಲು ಅಷ್ಟು ದೂರ ಹೋಗಬೇಕಾಯಿತು, ಅಷ್ಟೆ.

ಅಗ್ಗದ ಪ್ರವಾಸವೆಂದರೆ ಎಲ್ಲದರಲ್ಲಿಯೂ ಕೈ ಬಿಗಿಹಿಡಿಯುವುದೆಂದು ತಿಳಿಯಬಾರದು. ಬಾಡಿಗೆಯ ಕಾರು, ಹೋಟೆಲಿನ ತಿಂಡಿ, ಹೊಸ ಬಟ್ಟೆ ಇವುಗಳಲ್ಲಿ ಉಳಿಸಬಹುದು. ಸಮಯದಲ್ಲಿ, ಸಿದ್ಧತೆಯಲ್ಲಿ, ಸುರಕ್ಷತೆಯಲ್ಲಿ ಉಳಿಸಬಾರದು. ಕಚೇರಿ ಮುಗಿಯುವುದು ತಡವಾಗುವಂತಿದ್ದರೆ ಹಿಂದಿರುಗುವ ಬಸ್ಸಿನ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಕೋಟೆ ಪ್ರೌಢಶಾಲೆಯ ಮೈದಾನ ನಗರದ ರೈಲುನಿಲ್ದಾಣಕ್ಕೆ ಬಹಳ ದೂರವಿಲ್ಲ. ಆದರೂ ರಾತ್ರಿಯಲ್ಲಿ ಹೊಸ ಊರಿನಲ್ಲಿ ನಡೆದು ಹೋಗುವ ಸಾಹಸ ಬೇಡ. ಹಗಲಿನಲ್ಲಿ ಸಮಯ ಉಳಿದರೆ ಅದನ್ನು ಸಾರ್ಥಕ ಮಾಡಿಕೊಳ್ಳಬಹುದು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರ ಅದೇ ಚಾಮರಾಜಪೇಟೆಯಲ್ಲಿದೆ. ಪಾಠದ ಪುಸ್ತಕದಲ್ಲಿ ಓದಿದ ಕವಿಗಳು ನಡೆದಾಡಿದ ಅಂಗಳವನ್ನು ನೋಡಿ ಬರುವುದಕ್ಕೆ ಕಾಸಿನ ಖರ್ಚಿಲ್ಲ.

ಎಲ್ಲ ಹೊಣೆಯನ್ನೂ ಬಡ ಮನೆಯ ಡಬ್ಬಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ವಾರಕ್ಕೆ 20 ರೂಪಾಯಿಯನ್ನೂ ಉಳಿಸಲಾಗದ ಮನೆಗಳಿವೆ. ಅಂಥ ಮನೆಯ ಮಗುವಿಗೆ ಮಿತವ್ಯಯದ ಉಪದೇಶ ಮಾಡುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತಾಗುತ್ತದೆ. ಶಾಲೆಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತವೆ. ಅರಮನೆ, ಜಲಪಾತ, ಪ್ರಾಣಿಧಾಮಗಳನ್ನು ತೋರಿಸುತ್ತವೆ. ಮೂರು ವರ್ಷಕ್ಕೊಮ್ಮೆಯಾದರೂ ಆ ಪ್ರವಾಸ ಕೇಳುವ ಪ್ರವಾಸವಾಗಲಿ. ಉತ್ಸವಗಳನ್ನು ನಡೆಸುವ ಮಂಡಲಿಗಳು ಪ್ರತಿದಿನ ಒಂದು ಸಾಲನ್ನು, ಅದೂ ವೇದಿಕೆಗೆ ಹತ್ತಿರದ ಸಾಲನ್ನು, ಹಳ್ಳಿಯ ಶಾಲೆಗಳ ಮಕ್ಕಳಿಗೆಂದು ಮೀಸಲಿಡಲಿ. ಇಂದು ಆ ಸಾಲಿನಲ್ಲಿ ಕೂರುವ ಮಗುವೇ ನಾಳೆಯ ರಸಿಕ. ಯಾರಿಗೆ ಗೊತ್ತು, ನಾಳೆಯ ಗಾಯಕನೂ ಆಗಬಹುದು. ಕೇಳುವವರನ್ನು ಬೆಳೆಸದ ಉತ್ಸವ ಎಷ್ಟೇ ವೈಭವದ್ದಾದರೂ ಬೇರಿಗೆ ನೀರೆರೆಯದ ಮರದಂತೆ.

ಯಾತ್ರೆ ಹೋಗಿ ಬಂದವರು ಪ್ರಸಾದವನ್ನು ಹಂಚುವುದು ಹಿಂದಿನಿಂದ ಬಂದ ಪದ್ಧತಿ. ಸಂಗೀತದ ಯಾತ್ರೆಗೂ ಈ ಪದ್ಧತಿ ಸಲ್ಲಬೇಕು. ಕೇಳಿ ಬಂದ ಹುಡುಗಿ ಶಾಲೆಯಲ್ಲಿ ಗೆಳತಿಯರನ್ನು ಕೂಡಿಸಿಕೊಂಡು ತಾನು ಕೇಳಿದ್ದನ್ನು ಹೇಳಲಿ. ತಾಳ ಹಾಕಲು ಕಲಿಸಲಿ. ಹೇಗೆ ಹೋದೆವು, ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನೂ ಬರೆದಿಟ್ಟು ತೋರಿಸಲಿ. ಮುಂದಿನ ವರ್ಷ ಹೊರಡುವವರಿಗೆ ಆ ನೋಟು ಪುಸ್ತಕವೇ ದಾರಿದೀಪ. ಆಗ ಆ ಊರಿನಲ್ಲಿ “ನಮ್ಮಂಥವರಿಗಲ್ಲ” ಎನ್ನುವ ದನಿ ಒಂದಿಷ್ಟು ತಗ್ಗುತ್ತದೆ.

ಸಿಂಹದ ಗರ್ಜನೆ ರಾತ್ರಿಯ ನಿಶ್ಶಬ್ದದಲ್ಲಿ ಹಲವು ಕಿಲೋಮೀಟರುಗಳವರೆಗೆ ಕೇಳಿಸುತ್ತದೆ. ಧಾಮಕ್ಕೆ ಬಂದವರು ಸಿಂಹವನ್ನು ನೋಡಿ ಸಂಜೆಯೊಳಗೆ ಊರು ಸೇರುತ್ತಾರೆ. ಕತ್ತಲಾದ ಮೇಲೆ ಅದರ ದನಿಯನ್ನು ಕೇಳುವ ಭಾಗ್ಯ ಸುತ್ತಲಿನ ಹಳ್ಳಿಯವರದು. ಕಚೇರಿ ಕೇಳಿ ಬಂದ ತಾಯಿಯೂ ಮಗಳೂ ಬೆಳಗಿನ ಜಾವದಲ್ಲಿ ತ್ಯಾವರೆಕೊಪ್ಪದ ರಸ್ತೆಯಲ್ಲಿ ಬಸ್ಸಿನಿಂದ ಇಳಿದಾಗ ಆ ದನಿ ಕಾಡಿನ ಕಡೆಯಿಂದ ಕೇಳಿಬಂದರೆ, ಹುಡುಗಿ ಅದನ್ನು ಎಂದಿನಂತೆ ಕಿವಿಯ ಮೇಲೆ ಹಾಕಿಕೊಳ್ಳದೆ ಮುಂದೆ ಹೋಗಲಾರಳು. ಒಂದು ಕ್ಷಣ ನಿಂತು ಅದರ ಏರಿಳಿತವನ್ನು ಆಲಿಸುತ್ತಾಳೆ. ಅಂಗಡಿಯ ಬಾಗಿಲು ತೆರೆಯಲು ಹೊತ್ತಾಯಿತೆಂದು ತಾಯಿ ಕರೆಯುತ್ತಾಳೆ. ಡಬ್ಬಿ ಬರಿದಾಗಿದೆ, ಅದಕ್ಕೆ ಮತ್ತೆ ಮೊದಲ 20 ರೂಪಾಯಿಯನ್ನು ಹಾಕುವ ವಾರ ಬಂದಿದೆ.